ಬಾಯಿಯ ಆರೋಗ್ಯ ಮತ್ತು ದೇಹಾರೋಗ್ಯ

ಹಲ್ಲು, ವಸಡು, ನಾಲಗೆ ಮತ್ತು ಬಾಯಿಯ ಒಳಪದರಗಳು ರೋಗವಿಲ್ಲದೆ ತಮ್ಮ ಕಾರ್ಯವನ್ನು ಸರಿಯಾಗಿ ನಿರ್ವಹಿಸುವ ಸ್ಥಿತಿಯನ್ನು ಬಾಯಿಯ ಆರೋಗ್ಯ ಎನ್ನುತ್ತಾರೆ. ಬಾಯಿಯ ರೋಗಗಳಿಗೂ ದೇಹದ ಇತರ ಕೆಲವು ರೋಗಗಳಿಗೂ ಸಂಬಂಧವಿದೆ. ಇವುಗಳಲ್ಲಿ ಕೆಲವು ಸಂಬಂಧಗಳು ದೃಢಪಟ್ಟಿವೆ. ಉಳಿದವು ಇನ್ನೂ ಚರ್ಚೆಯಲ್ಲಿವೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಂತೆ ಜಗತ್ತಿನ ಸುಮಾರು 350 ಕೋಟಿ ಜನರಿಗೆ ಬಾಯಿಯ ರೋಗಗಳಿವೆ.

ವಸಡಿನ ರೋಗ

ಹಲ್ಲುಗಳ ಮೇಲೆ ಬ್ಯಾಕ್ಟೀರಿಯಾಗಳ ಅಂಟುಪದರವೊಂದು ಸದಾ ಕಟ್ಟಿಕೊಳ್ಳುತ್ತಿರುತ್ತದೆ. ಅದನ್ನು ತೆಗೆಯದಿದ್ದರೆ ವಸಡು ಕೆಂಪಾಗಿ ಊದಿಕೊಂಡು ರಕ್ತ ಒಸರುತ್ತದೆ. 1965ರಲ್ಲಿ ಹಾರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ನಡೆಸಿದ ಪ್ರಯೋಗದಲ್ಲಿ, ಹಲ್ಲುಜ್ಜುವುದನ್ನು ನಿಲ್ಲಿಸಿದ 12 ಮಂದಿಯಲ್ಲೂ ಸುಮಾರು ಮೂರು ವಾರಗಳೊಳಗೆ ವಸಡಿನ ಉರಿಯೂತ ಕಾಣಿಸಿಕೊಂಡಿತು. ಮತ್ತೆ ಉಜ್ಜತೊಡಗಿದಾಗ ಅದು ಶಮನವಾಯಿತು. ಅಲಕ್ಷಿಸಿದಲ್ಲಿ ಕೆಲವರಲ್ಲಿ ಉರಿಯೂತವು ಆಳಕ್ಕಿಳಿದು, ಹಲ್ಲಿಗೆ ಆಧಾರವಾದ ಮೂಳೆಯನ್ನು ಸವೆಸುತ್ತದೆ. ಈ ಹಂತವನ್ನು ಪೆರಿಯೊಡಾಂಟೈಟಿಸ್ ಎಂದು ಕರೆಯುತ್ತಾರೆ.

ಮಧುಮೇಹ

ಮಧುಮೇಹ ಹತೋಟಿಯಲ್ಲಿಲ್ಲದವರಲ್ಲಿ ವಸಡಿನ ರೋಗ ಹೆಚ್ಚು ತೀವ್ರವಾಗಿರುತ್ತದೆ. 1993ರಲ್ಲಿ ಲೋ ಇದನ್ನು ಮಧುಮೇಹದ ಆರನೆಯ ತೊಡಕೆಂದು ಕರೆದರು. ಪ್ರತಿಯಾಗಿ, ವಸಡಿನ ದೀರ್ಘಕಾಲದ ಉರಿಯೂತವು ರಕ್ತದ ಸಕ್ಕರೆಯ ನಿಯಂತ್ರಣವನ್ನು ಕಠಿಣಗೊಳಿಸುತ್ತದೆ. ವಸಡಿಗೆ ಚಿಕಿತ್ಸೆ ನೀಡಿದರೆ ಸಕ್ಕರೆಯ ಮಟ್ಟ ಸ್ವಲ್ಪಮಟ್ಟಿಗೆ ಇಳಿಯುವುದು ಕಂಡುಬಂದಿದೆ.

ಹೃದಯ ಮತ್ತು ಶ್ವಾಸಕೋಶ

ಬಾಯಿಯ ಬ್ಯಾಕ್ಟೀರಿಯಾಗಳು ರಕ್ತವನ್ನು ಸೇರಿ, ಹಾನಿಗೊಂಡ ಅಥವಾ ಕೃತಕ ಹೃದಯಕವಾಟಗಳ ಮೇಲೆ ನೆಲೆಸಿ ಪ್ರಾಣಾಪಾಯಕಾರಿ ಸೋಂಕನ್ನು ಉಂಟುಮಾಡಬಲ್ಲವು. ಆದ್ದರಿಂದ ಕೃತಕ ಕವಾಟ ಹೊಂದಿದವರು ಹಲ್ಲು ಕೀಳಿಸುವ ಮೊದಲು ಆ ವಿಷಯವನ್ನು ದಂತವೈದ್ಯರಿಗೆ ತಿಳಿಸುವುದು ಅಗತ್ಯ. ಅಂಥವರಿಗೆ ಮುಂಚಿತವಾಗಿ ಪ್ರತಿಜೀವಕ ಔಷಧ ಕೊಡಲಾಗುತ್ತದೆ. ಹಾಸಿಗೆ ಹಿಡಿದ ವೃದ್ಧರಲ್ಲಿ ಬಾಯಿಯ ಬ್ಯಾಕ್ಟೀರಿಯಾಗಳು ಜೊಲ್ಲಿನೊಡನೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಬರಬಹುದು.

ಹೃದಯಾಘಾತದ ವಿಷಯ ಬೇರೆ. ವಸಡಿನ ರೋಗವುಳ್ಳವರಲ್ಲಿ ಅದು ಹೆಚ್ಚಾಗಿ ಕಂಡುಬಂದರೂ, ಧೂಮಪಾನದಂತಹ ಕಾರಣಗಳು ಎರಡೂ ರೋಗಗಳಿಗೆ ಸಮಾನವಾಗಿವೆ. ಒಂದರಿಂದಲೇ ಇನ್ನೊಂದು ಉಂಟಾಗುತ್ತದೆಂಬುದು ಸಾಬೀತಾಗಿಲ್ಲವೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಪ್ರಕಟಿಸಿತು.

ಇತಿಹಾಸ

ಬಾಯಿಯು ದೇಹದ ಸೋಂಕುಗಳ ಕೇಂದ್ರವೆಂಬ ವಾದವನ್ನು ವಿಲೋಬಿ ಮಿಲ್ಲರ್ 1891ರಲ್ಲಿ ಮುಂದಿಟ್ಟರು. ಬಳಿಕ ಬ್ರಿಟಿಷ್ ವೈದ್ಯ ವಿಲಿಯಂ ಹಂಟರ್ ಅದಕ್ಕೆ ಪ್ರಚಾರ ನೀಡಿದರು. ಇದರ ಪರಿಣಾಮವಾಗಿ 20ನೆಯ ಶತಮಾನದ ಮೊದಲ ದಶಕಗಳಲ್ಲಿ, ಸಂಧಿವಾತದಂತಹ ರೋಗಗಳು ವಾಸಿಯಾಗಲೆಂದು ಅಸಂಖ್ಯಾತ ರೋಗಿಗಳ ಹಲ್ಲುಗಳನ್ನು ಅನಗತ್ಯವಾಗಿ ಕೀಳಲಾಯಿತು. ನಿರೀಕ್ಷಿತ ಫಲ ದೊರೆಯದೆ ಆ ಪದ್ಧತಿ ಕ್ರಮೇಣ ಹಿಂದೆ ಸರಿಯಿತು.