ಕೊನೆಯ ಕೊಳಾಯಿಯ ನೀರು: ಉಳಿಕೆ ಕ್ಲೋರೀನಿನ ಇತಿಹಾಸ

ನಗರವೊಂದರ ನೀರಿನ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಅಣೆಕಟ್ಟಿನಿಂದ ತೊಡಗಿ ಶುದ್ಧೀಕರಣಾಗಾರದಲ್ಲಿ ನಿಲ್ಲಿಸುತ್ತಾರೆ. ಅಲ್ಲಿಂದ ಮನೆಯ ಕೊಳಾಯಿಯವರೆಗಿನ ದಾರಿಯ ಚರಿತ್ರೆಯೂ ಅಷ್ಟೇ ಮಹತ್ತ್ವದ್ದು. ಠಾಣೆ ಕೊಲ್ಲಿಯ ಬದಿಯ ಘಣಸೋಲಿ ಇದಕ್ಕೆ ತಕ್ಕ ನಿದರ್ಶನ. 1970ರಲ್ಲಿ ಸಿಡ್ಕೋ ಸಂಸ್ಥೆ ಹುಟ್ಟಿದ ಬಳಿಕ ಆಗರಿ ಮತ್ತು ಕೋಳಿ ಜನರ ಗ್ರಾಮಗಳ ಸುತ್ತ ನವಿ ಮುಂಬಯಿ ಬೆಳೆಯಿತು; 1992ರಲ್ಲಿ ಮಹಾನಗರಪಾಲಿಕೆಯ ಆಡಳಿತ ಆರಂಭವಾಯಿತು. ಪಾಲಿಕೆಯ ಮುಖ್ಯ ಜಲಮೂಲ ರಾಯಗಡ ಜಿಲ್ಲೆಯ ಖಾಲಾಪುರ ತಾಲ್ಲೂಕಿನ ಧಾವರಿ ನದಿಗೆ ಕಟ್ಟಿದ ಮೋರ್ಬೆ ಅಣೆಕಟ್ಟು. ನೀರು ಭೋಕರಪಾಡಾದಲ್ಲಿ ಶುದ್ಧಿಗೊಂಡು ನಗರಕ್ಕೆ ಹರಿಯುತ್ತದೆ. ದಕ್ಷಿಣದ ಬೇಲಾಪುರಕ್ಕಿಂತ ಉತ್ತರದ ಘಣಸೋಲಿ, ಐರೋಲಿಗಳಿಗೆ ಆ ಹಾದಿ ದೀರ್ಘವಾದುದು.

ಈ ಹಾದಿಯಲ್ಲಿ ನೀರನ್ನು ಕಾಯುವ ಕಾವಲುಗಾರನೇ ಕ್ಲೋರೀನು. 1774ರಲ್ಲಿ ಶೀಲೆ ಕಂಡುಹಿಡಿದ ಈ ಅನಿಲಕ್ಕೆ 1810ರಲ್ಲಿ ಡೇವಿ ಇಂದಿನ ಹೆಸರಿಟ್ಟನು. ಇಂಗ್ಲೆಂಡಿನ ಮೇಡ್‌ಸ್ಟನ್ ಪಟ್ಟಣದಲ್ಲಿ 1897ರಲ್ಲಿ ವಿಷಮಶೀತಜ್ವರ ಹಬ್ಬಿದಾಗ ಸಿಮ್ಸ್ ವುಡ್‌ಹೆಡ್ ಚೆಲುವೆಪುಡಿಯ ದ್ರಾವಣದಿಂದ ಶುದ್ಧಿಪಡಿಸಿದ್ದು ನೀರಿನ ಕೊಳವೆಗಳನ್ನು. 1905ರಲ್ಲಿ ಲಿಂಕನ್ ನಗರದಲ್ಲಿ ಹ್ಯೂಸ್ಟನ್ ಈ ಸಂಸ್ಕಾರವನ್ನು ನಿರಂತರವಾಗಿ ನಡೆಸಿದನು. 1908ರ ಸೆಪ್ಟೆಂಬರ್ 26ರಂದು ಅಮೆರಿಕದ ಜರ್ಸಿ ಸಿಟಿಯ ನೀರಿಗೆ ಜಾನ್ ಲೀಲ್ ಅದನ್ನು ಬಳಕೆಗೆ ತಂದಾಗ, ಕುಡಿಯುವ ನೀರಿಗೆ ರಾಸಾಯನಿಕವನ್ನು ಬೆರೆಸಬಹುದೇ ಎಂಬ ಪ್ರಶ್ನೆ ನ್ಯಾಯಾಲಯದಲ್ಲಿ ಚರ್ಚೆಗೆ ಬಂದು, ತೀರ್ಪು ಅವನ ಪರವಾಯಿತು.

ಎಷ್ಟು ಬೆರೆಸಬೇಕೆಂಬ ಪ್ರಶ್ನೆ ಇನ್ನೂ ಉಳಿದಿತ್ತು. 1919ರಲ್ಲಿ ಬಾಲ್ಟಿಮೋರಿನ ವೋಲ್ಮನ್ ಮತ್ತು ಎನ್ಸ್ಲೋ ಅದಕ್ಕೆ ಕ್ರಮಬದ್ಧವಾದ ಉತ್ತರ ಕೊಟ್ಟರು. ಪ್ರತಿಯೊಂದು ನೀರಿಗೂ ತನ್ನದೇ ಆದ ಹಸಿವುಂಟು: ಅದರಲ್ಲಿನ ಸೇಂದ್ರಿಯ ಕಶ್ಮಲ, ಕಬ್ಬಿಣ, ಅಮೋನಿಯಾಗಳು ಮೊದಲು ತಮ್ಮ ಪಾಲನ್ನು ನುಂಗುತ್ತವೆ, ಅನಂತರ ಉಳಿದುದೇ ರಕ್ಷಕ. ಕೊಳವೆಯ ಒಳಗೋಡೆಯ ಲೋಳೆಯೂ, ಬೇಸಗೆಯ ಶಾಖವೂ, ಪ್ರಯಾಣದ ಕಾಲವೂ ಈ ಉಳಿಕೆಯನ್ನು ಕರಗಿಸುತ್ತವೆ. ಆದುದರಿಂದಲೇ ಭಾರತೀಯ ಮಾನಕ 10500 ಉಳಿಕೆ ಕ್ಲೋರೀನು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆಂದು ವಿಧಿಸುತ್ತದೆ; ವೈರಾಣುಗಳಿಂದ ರಕ್ಷಣೆ ಬೇಕಾದಲ್ಲಿ 0.5. ಹೆಚ್ಚು ಬೆರೆಸಿ ನಿಶ್ಚಿಂತರಾಗುವಂತೆಯೂ ಇಲ್ಲ. ಕ್ಲೋರೀನು ಸೇಂದ್ರಿಯ ವಸ್ತುಗಳೊಡನೆ ಕೂಡಿ ಟ್ರೈಹ್ಯಾಲೋಮೀಥೇನುಗಳೆಂಬ ಅನಪೇಕ್ಷಿತ ಸಂಯುಕ್ತಗಳನ್ನು ಉಂಟುಮಾಡುವುದನ್ನು 1974ರಲ್ಲಿ ನೆದರ್ಲೆಂಡಿನ ರೂಕ್ ಪ್ರಕಟಿಸಿದನು.

ಪಾಶ್ಚಾತ್ಯ ನಗರಗಳ ಈ ಲೆಕ್ಕವೆಲ್ಲ ಕೊಳವೆಗಳು ಸದಾ ತುಂಬಿ ಹರಿಯುತ್ತವೆಂಬ ನಂಬಿಕೆಯನ್ನು ಆಧರಿಸಿದೆ. ಭಾರತದ ಬಹುತೇಕ ನಗರಗಳಲ್ಲಿ ನೀರು ಬರುವುದು ಗೊತ್ತಾದ ಕೆಲವು ಗಂಟೆ ಮಾತ್ರ. ಒತ್ತಡ ಇಳಿದಾಗ ಬಿರುಕುಗಳ ಮೂಲಕ ನೆಲದ ಕೊಳೆ ಒಳಸೇರುತ್ತದೆ. ಇದರ ಪರಿಣಾಮವನ್ನು ಸ್ಪಷ್ಟವಾಗಿ ತೋರಿಸಿದ ಅಧ್ಯಯನ ನಡೆದದ್ದು ಕನ್ನಡನಾಡಿನಲ್ಲಿಯೇ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ಯೋಜನೆ ಬಂದಿತ್ತು. ಉಳಿದ ಭಾಗಗಳಿಗೆ ಹಳೆಯ ಕ್ರಮವೇ ಮುಂದುವರಿದಿತ್ತು. ಕುಂಪೆಲ್ ಮತ್ತು ನೆಲ್ಸನ್ ಎಂಬ ಸಂಶೋಧಕಿಯರು ಎರಡೂ ಕಡೆಯ ಕೊಳಾಯಿ ನೀರನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಲಸಂಪರ್ಕವನ್ನು ಸೂಚಿಸುವ ಎಶ್ಚರೀಶಿಯ ಕೋಲಿ ಜೀವಾಣು ನಿರಂತರ ಸರಬರಾಜಿನ ಮಾದರಿಗಳಲ್ಲಿ ಶೇಕಡಾ 0.7ರಲ್ಲಿಯೂ, ಬಿಟ್ಟುಬಿಟ್ಟು ಬರುವ ನೀರಿನ ಮಾದರಿಗಳಲ್ಲಿ ಶೇಕಡಾ 31.7ರಲ್ಲಿಯೂ ಕಂಡುಬಂದಿತು. ಊರು ಒಂದೇ ಆದರೂ ಭೇದ ಇಷ್ಟು.

ಹುಬ್ಬಳ್ಳಿಯ ಈ ಪಾಠ ಘಣಸೋಲಿಯಂಥ ಬಡಾವಣೆಗಳಿಗೆ ಇನ್ನೊಂದು ರೀತಿಯಲ್ಲಿ ಅನ್ವಯಿಸುತ್ತದೆ. ಇಲ್ಲಿನ ಬಹುಮಹಡಿ ಮನೆಗಳಲ್ಲಿ ಪಾಲಿಕೆಯ ನೀರು ಮೊದಲು ನೆಲಮಾಳಿಗೆಯ ತೊಟ್ಟಿಗೆ, ಬಳಿಕ ಮಾಳಿಗೆಯ ತೊಟ್ಟಿಗೆ ಏರಿ, ಅಲ್ಲಿಂದ ಕೊಳಾಯಿಗೆ ಇಳಿಯುತ್ತದೆ. ತೊಟ್ಟಿಯಲ್ಲಿ ನಿಂತಷ್ಟೂ ಹೊತ್ತು ಉಳಿಕೆ ಕ್ಷೀಣಿಸುತ್ತದೆ. ಈ ಕೊನೆಯ ಭಾಗದ ಒಡೆತನ ಪಾಲಿಕೆಯದಲ್ಲ, ಗೃಹಸಂಘದ್ದು. 1957ರಲ್ಲಿ ಪೇಲಿನ್ ರೂಪಿಸಿದ ಡಿಪಿಡಿ ಪರೀಕ್ಷೆಯಲ್ಲಿ ಕ್ಲೋರೀನು ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕೆಲವೇ ನಿಮಿಷಗಳ ಈ ಕೆಲಸಕ್ಕೆ ಪ್ರಯೋಗಶಾಲೆ ಬೇಕಿಲ್ಲ.

ಒಂದು ಶತಮಾನಕ್ಕೂ ಮೀರಿದ ಈ ಚರಿತ್ರೆಯಿಂದ ವಿದಿತವಾಗುವ ಸಂಗತಿ ಸರಳವಾದುದು. ಶುದ್ಧೀಕರಣಾಗಾರದ ಬಾಗಿಲಲ್ಲಿ ಅಳೆದ ಪ್ರಮಾಣ ನೀರಿನ ಹೊರಡುವ ಸ್ಥಿತಿಯನ್ನಷ್ಟೇ ಹೇಳುತ್ತದೆ. ಮಗು ಕುಡಿಯುವ ಲೋಟದ ವಿಷಯವಾಗಿ ಸಾಕ್ಷಿ ನುಡಿಯಬೇಕಾದದ್ದು ಕೊನೆಯ ಕೊಳಾಯಿ.