ಎಕ್ಸ್‌ರೇ ಕೋಣೆಯಲ್ಲಿ ಆ ಪ್ರಶ್ನೆ ಯಾಕೆ ಕೇಳುತ್ತಾರೆ?

ಎಕ್ಸ್‌ರೇ ಕೋಣೆಯ ಬಾಗಿಲ ಹತ್ತಿರ ಒಂದು ಬೋರ್ಡು ಹಾಕಿರುತ್ತಾರೆ, ನೀವೂ ನೋಡಿರುತ್ತೀರಿ. ಬಸುರಿಯಾಗಿದ್ದರೆ, ಅನುಮಾನವಿದ್ದರೂ ಸರಿ, ಮೊದಲೇ ಹೇಳಿ ಅಂತ. ಹೋದ ವರ್ಷ ನಮ್ಮ ಅತ್ತಿಗೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ನೋವು ಅಂದಾಗ ನಾನೇ ಕರೆದುಕೊಂಡು ಹೋಗಿದ್ದೆ. ಒಳಗಿದ್ದ ಹುಡುಗ, "ಅಕ್ಕಾ, ಮುಟ್ಟಾಗಿದ್ದು ಯಾವಾಗ?" ಅಂದ. ಅತ್ತಿಗೆಗೆ ನಾಚಿಕೆ, ಸಿಟ್ಟು ಎರಡೂ ಬಂತು. "ಸೊಂಟ ನೋವಿಗೂ ಅದಕ್ಕೂ ಏನೋ ಸಂಬಂಧ?" ಎಂದು ಹೊರಗೆ ಬಂದು ನನ್ನನ್ನು ಕೇಳಿದರು. ನನಗೂ ಗೊತ್ತಿರಲಿಲ್ಲ. ಆಮೇಲೆ ಹುಡುಕಿ ಓದಿದೆ.

ಜರ್ಮನಿಯ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಮೊದಮೊದಲು ಅದು ಮೈಗೆ ಕೆಡುಕು ಮಾಡೀತು ಎಂದು ಹೆಚ್ಚಿನವರಿಗೆ ಅನ್ನಿಸಲೇ ಇಲ್ಲ. ಅಮೆರಿಕದಲ್ಲಿ ಎಡಿಸನ್ ಹತ್ತಿರ ಕೆಲಸಕ್ಕಿದ್ದ ಕ್ಲಾರೆನ್ಸ್ ಡ್ಯಾಲಿ ದಿನವೂ ತನ್ನ ಕೈಯನ್ನೇ ಕಿರಣಕ್ಕೆ ಒಡ್ಡಿ ಯಂತ್ರ ಪರೀಕ್ಷೆ ಮಾಡುತ್ತಿದ್ದ. ಕೈ ಸುಟ್ಟು ಹುಣ್ಣಾಯಿತು, ಕತ್ತರಿಸಬೇಕಾಯಿತು, 1904ರಲ್ಲಿ ಕ್ಯಾನ್ಸರ್‌ನಿಂದ ಸತ್ತ. ಇದರಿಂದ ವೈದ್ಯರು ಕಲಿತದ್ದು ಅರ್ಧ ಪಾಠ: ಜಾಸ್ತಿಯಾದರೆ ಸುಡುತ್ತದೆ, ಸ್ವಲ್ಪವಾದರೆ ಏನೂ ಆಗುವುದಿಲ್ಲ. ಎಷ್ಟು ಧೈರ್ಯ ಅಂದರೆ, ಮುಂದೆ ಅಲ್ಲಿನ ಚಪ್ಪಲಿ ಅಂಗಡಿಗಳಲ್ಲೂ ಎಕ್ಸ್‌ರೇ ಯಂತ್ರ ಇಟ್ಟರು. ಶೂ ಒಳಗೆ ಮಕ್ಕಳ ಬೆರಳು ಸರಿಯಾಗಿ ಕೂತಿದೆಯೇ ಎಂದು ನೋಡಲಿಕ್ಕೆ!

ಬಸುರಿಯರಿಗೂ ತೆಗೆಯುತ್ತಿದ್ದರು. ಮಗು ಹೇಗೆ ಮಲಗಿದೆ, ಅವಳಿಯೇ, ತಾಯಿಯ ಸೊಂಟದ ಮೂಳೆಯಲ್ಲಿ ಜಾಗ ಸಾಕೇ ಎಂದು ತಿಳಿಯಬೇಕಿತ್ತು. ಈಗಿನ ಸ್ಕ್ಯಾನಿಂಗ್ ಆಗ ಇರಲಿಲ್ಲ.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಆಲಿಸ್ ಸ್ಟುವರ್ಟ್ ಎಂಬ ವೈದ್ಯೆ ಇದ್ದರು. 1950ರ ದಶಕದಲ್ಲಿ ಅಲ್ಲಿ ಎರಡು, ಮೂರು, ನಾಲ್ಕು ವರ್ಷದ ಮಕ್ಕಳು ರಕ್ತದ ಕ್ಯಾನ್ಸರ್‌ನಿಂದ ಸಾಯುವುದು ಹೆಚ್ಚುತ್ತಿತ್ತು. ಅಷ್ಟು ಸಣ್ಣ ಮಕ್ಕಳಿಗೆ ಬರಬೇಕಾದರೆ ಕಾರಣ ಹುಟ್ಟುವ ಮೊದಲೇ ಇರಬೇಕಲ್ಲವೇ? ತಾಯಂದಿರನ್ನೇ ಕೇಳೋಣ ಎಂದು ಅವರು ಹೊರಟರು. ಕೈಯಲ್ಲಿದ್ದ ಹಣ ಒಂದು ಸಾವಿರ ಪೌಂಡ್ ಮಾತ್ರ.

ಆ ಹಣ ಎಲ್ಲಿಂದ ಬಂತು ಗೊತ್ತೇ? ಲೇಡಿ ಟಾಟಾ ಸ್ಮಾರಕ ನಿಧಿಯಿಂದ. ದೊರಾಬ್ಜಿ ಟಾಟಾ ಅವರ ಹೆಂಡತಿ ಮೆಹರ್‌ಬಾಯಿ 1931ರಲ್ಲಿ ಇದೇ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಆ ಕಾಯಿಲೆಯ ಸಂಶೋಧನೆಗೆಂದೇ ಮರುವರ್ಷ ನಿಧಿ ಶುರುವಾಯಿತು. ಮೆಹರ್‌ಬಾಯಿ ನಮ್ಮ ಕಡೆ ಬೆಳೆದವರು. ತಂದೆ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿದ್ದರು, ಮಗಳ ಓದು ಬೆಂಗಳೂರು, ಮೈಸೂರಿನಲ್ಲಿ. ಇನ್ನೊಂದು ವಿಚಿತ್ರ: ನಮ್ಮ ದೇಶದ ಅಣುಶಕ್ತಿಗೆ ಅಡಿಪಾಯ ಹಾಕಿದ ಹೋಮಿ ಭಾಭಾಗೆ ಈಕೆ ಸೋದರತ್ತೆ.

ಸ್ಟುವರ್ಟ್ ಪ್ರಶ್ನೆಪಟ್ಟಿ ಮಾಡಿದರು. ಮನೆಯಲ್ಲಿ ನಾಯಿ, ಕೋಳಿ ಇತ್ತೇ? ಬಣ್ಣದ ಮಿಠಾಯಿ ತಿನ್ನುತ್ತಿತ್ತೇ? ಬಸುರಿಯಾಗಿದ್ದಾಗ ಎಕ್ಸ್‌ರೇ ತೆಗೆದಿದ್ದರೇ? ಮಗು ಕಳೆದುಕೊಂಡ ತಾಯಂದಿರ ಜೊತೆಗೆ, ಅದೇ ವಯಸ್ಸಿನ ಆರೋಗ್ಯವಂತ ಮಕ್ಕಳ ತಾಯಂದಿರಿಗೂ ಅವೇ ಪ್ರಶ್ನೆ. ರೋಗ ಬಿದ್ದ ಹೊಲ ಒಂದನ್ನೇ ನೋಡಿದರೆ ಕಾರಣ ಸಿಗುವುದಿಲ್ಲ, ಪಕ್ಕದ ಚೆನ್ನಾಗಿರುವ ಹೊಲಕ್ಕೆ ಏನು ಹಾಕಿದ್ದಾರೆಂದೂ ಕೇಳಬೇಕು. ಉತ್ತರಗಳು ಬಂದವು. ಹೊಟ್ಟೆಯ ಎಕ್ಸ್‌ರೇ ಆಗಿದ್ದವರು ಸತ್ತ ಮಕ್ಕಳ ತಾಯಂದಿರಲ್ಲಿ ಸುಮಾರು ಎರಡು ಪಟ್ಟು. 1956ರಲ್ಲಿ ಮೊದಲ ಲೆಕ್ಕ, 1958ರಲ್ಲಿ ಪೂರ್ತಿ ವರದಿ ಪ್ರಕಟವಾಯಿತು.

ಬಹಳಷ್ಟು ವೈದ್ಯರು ನಂಬಲಿಲ್ಲ. ಮಗು ಕಳೆದುಕೊಂಡ ತಾಯಿ ಹಿಂದಿನದನ್ನೆಲ್ಲ ಕೆದಕಿ ನೆನೆಸಿಕೊಳ್ಳುತ್ತಾಳೆ, ಮಗು ಆಡಿಕೊಂಡಿರುವ ತಾಯಿ ಮರೆತಿರುತ್ತಾಳೆ, ಇದು ಬರೀ ನೆನಪಿನ ವ್ಯತ್ಯಾಸ ಎಂದರು. ಈ ಆಕ್ಷೇಪಣೆ ಹುರುಳಿಲ್ಲದ್ದೇನಲ್ಲ. ಆದರೆ ಹೆಂಗಸರು ಹೇಳಿದ್ದನ್ನು ಅಷ್ಟು ಸಲೀಸಾಗಿ ಪಕ್ಕಕ್ಕೆ ತಳ್ಳಿದ್ದು ನನಗಂತೂ ಸರಿ ಕಾಣುವುದಿಲ್ಲ. ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂದು ತೋರಿಸಿಕೊಟ್ಟ ರಿಚರ್ಡ್ ಡಾಲ್ ಅವರ ತಂಡವೇ 1960ರಲ್ಲಿ ಬೇರೆ ದಾರಿ ಹಿಡಿಯಿತು. ಹೊಟ್ಟೆಯಲ್ಲಿದ್ದಾಗ ಎಕ್ಸ್‌ರೇ ತಗುಲಿದ ಸುಮಾರು 39 ಸಾವಿರ ಮಕ್ಕಳ ಲೆಕ್ಕ ನೋಡಿ, ರಕ್ತದ ಕ್ಯಾನ್ಸರ್ ಹೆಚ್ಚಿಲ್ಲ ಎಂದಿತು. ಆ ಮಕ್ಕಳಲ್ಲಿ ಕಾಯಿಲೆ ಬಂದದ್ದೇ ಒಂಬತ್ತು ಮಂದಿಗೆ. ಅಷ್ಟು ಅಪರೂಪದ ಕಾಯಿಲೆ ಸ್ವಲ್ಪ ಏರಿದ್ದರೂ ಆ ಲೆಕ್ಕದಲ್ಲಿ ಕಾಣುವುದು ಕಷ್ಟ.

1962ರಲ್ಲಿ ಅಮೆರಿಕದ ಬ್ರಯಾನ್ ಮ್ಯಾಕ್‌ಮಹೋನ್ ತಾಯಂದಿರ ನೆನಪಿನ ಗೊಡವೆಗೇ ಹೋಗಲಿಲ್ಲ. ಏಳು ಲಕ್ಷಕ್ಕೂ ಹೆಚ್ಚು ಮಕ್ಕಳ ವಿಚಾರಕ್ಕೆ ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತೆಗೆಸಿದರು. ಮಗುವಿಗೆ ಕಾಯಿಲೆ ಬರುವ ಮೊದಲೇ ಬರೆದಿಟ್ಟ ದಾಖಲೆ, ಅದರಲ್ಲಿ ಮರೆವಿನ ಮಾತೇ ಇಲ್ಲ. ಎಕ್ಸ್‌ರೇ ತಗುಲಿದವರಲ್ಲಿ ಕ್ಯಾನ್ಸರ್ ಸಾವು ಶೇಕಡಾ 40ರಷ್ಟು ಹೆಚ್ಚಿತ್ತು. ಎರಡು ಪಟ್ಟು ಅಲ್ಲ ನಿಜ, ಆದರೆ ತಾಯಂದಿರು ಹೇಳಿದ ದಿಕ್ಕು ತಪ್ಪಿರಲಿಲ್ಲ. ಆದರೂ ಆಸ್ಪತ್ರೆಗಳ ರೂಢಿ ಬದಲಾಗಲು ವರ್ಷಗಳೇ ಹಿಡಿದವು. ಸ್ಟುವರ್ಟ್ ಬಿಡದೆ ಲೆಕ್ಕ ಕೂಡಿಸುತ್ತಲೇ ಹೋದರು. 2002ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಇದನ್ನು ಓದಿ ಹೆದರಬೇಡಿ. ಮಕ್ಕಳ ಕ್ಯಾನ್ಸರ್ ಬಹಳ ಅಪರೂಪ, ಅಪರೂಪದ್ದು ಒಂದಿಷ್ಟು ಹೆಚ್ಚಾದರೂ ಅಪರೂಪವೇ. ಈಗಿನ ಯಂತ್ರಗಳಿಗೆ ಕಿರಣವೂ ಕಡಿಮೆ ಸಾಕು. ಕೈ, ಕಾಲು, ಎದೆಯ ಎಕ್ಸ್‌ರೇಯಲ್ಲಿ ಮಗುವಿಗೆ ತಗಲುವುದು ಇಲ್ಲವೆನ್ನುವಷ್ಟು ಕಡಿಮೆ. ಅಗತ್ಯವಿದ್ದರೆ ವೈದ್ಯರು ಬಸುರಿಯರಿಗೂ ತೆಗೆಸುತ್ತಾರೆ. ಇನ್ನು ಬಸುರಿಯರಿಗೆ ಮಾಡುವ ಸ್ಕ್ಯಾನಿಂಗ್ ಬರೀ ಶಬ್ದದ ಅಲೆ, ಅದರಲ್ಲಿ ಇಂಥ ಕಿರಣವೇ ಇಲ್ಲ. ನಮ್ಮೂರಲ್ಲಿ ಎರಡನ್ನೂ ಒಂದೇ ಅಂದುಕೊಂಡವರು ಎಷ್ಟೋ ಜನ.

ಅತ್ತಿಗೆಗೆ ಇಷ್ಟೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ಆ ಹುಡುಗ ಕೇಳಿದ್ದು ಸರೀನೇ ಬಿಡು. ಆದ್ರೂ ಒಂಚೂರು ಮೆಲ್ಲಗೆ ಕೇಳಬಹುದಿತ್ತು, ಹೊರಗೆ ಬೆಂಚಲ್ಲಿ ಕೂತಿದ್ದೋರಿಗೆಲ್ಲ ಕೇಳಿಸ್ತು" ಅಂದರು.