ಬಿಸಿಲು ಕಾಣದ ಪಾಳಿ

ರಾತ್ರಿ ಪಾಳಿ ಮುಗಿಸಿದ ಕಾರ್ಮಿಕ ಮನೆ ಸೇರಿ ಮಲಗುವುದು ಬಿಸಿಲೇರುವ ಹೊತ್ತಿಗೆ. ಏಳುವುದು ಹೊತ್ತಿಳಿದ ಮೇಲೆ. ಹೀಗೆ ಕೈತಪ್ಪುವ ಬಿಸಿಲಿಗೂ ಮೂಳೆಗೂ ಇರುವ ನಂಟು ವೈದ್ಯಲೋಕಕ್ಕೆ ಮನವರಿಕೆಯಾಗಲು ಸುಮಾರು ನೂರು ವರ್ಷ ಹಿಡಿಯಿತು.

ಇಂಗ್ಲೆಂಡಿನ ಗಿರಣಿಗಳಲ್ಲಿ ಮೊದಮೊದಲು ರಾತ್ರಿ ಕೆಲಸ ನಡೆಯುತ್ತಿದ್ದುದು ಮೇಣದ ಬತ್ತಿ, ಎಣ್ಣೆ ದೀಪಗಳ ಬೆಳಕಿನಲ್ಲಿ. 1805ರ ಸುಮಾರಿಗೆ ವಿಲಿಯಂ ಮರ್ಡಾಕ್ ಸಾಲ್ಫರ್ಡ್‌ನ ಹತ್ತಿ ಗಿರಣಿಯೊಂದಕ್ಕೆ ಗ್ಯಾಸ್ ದೀಪ ಅಳವಡಿಸಿದ. ಬೆಳಕು ಅಗ್ಗವಾಯಿತು, ರಾತ್ರಿ ದುಡಿಸುವುದು ಸುಲಭವಾಯಿತು. ಮಕ್ಕಳಿಗೂ ವಿನಾಯಿತಿ ಇರಲಿಲ್ಲ. ಬಹುತೇಕ ಜವಳಿ ಗಿರಣಿಗಳಲ್ಲಿ 18 ವರ್ಷದೊಳಗಿನವರ ರಾತ್ರಿ ದುಡಿಮೆಯನ್ನು 1833ರ ಕಾರ್ಖಾನೆ ಕಾಯ್ದೆ ನಿಷೇಧಿಸಿತು. ಆದರೆ ಆ ಕಾಯ್ದೆಯ ಲೆಕ್ಕದಲ್ಲಿ ಹಗಲೆಂದರೆ ಬೆಳಗಿನ 5.30ರಿಂದ ರಾತ್ರಿ 8.30ರವರೆಗೆ!

ಗಿರಣಿಯ ಹೊರಗೂ ಬಿಸಿಲು ಅಪರೂಪ. ಕಲ್ಲಿದ್ದಲ ಹೊಗೆ ಊರನ್ನೇ ಮುಸುಕುತ್ತಿತ್ತು. ಕಾರ್ಮಿಕರ ಕೇರಿಗಳಲ್ಲಿ ಮಕ್ಕಳ ಕಾಲು ಬಿಲ್ಲಿನಂತೆ ಬಾಗತೊಡಗಿದವು. ಇದೇ ರಿಕೆಟ್ಸ್. ಈ ರೋಗಕ್ಕೆ ತುತ್ತಾದ ಹುಡುಗಿಯರ ಸೊಂಟದ ಮೂಳೆ ವಿಕಾರಗೊಂಡು, ಮುಂದೆ ಹೆರಿಗೆಯೇ ಪ್ರಾಣಕ್ಕೆ ಕುತ್ತಾಗುತ್ತಿತ್ತು. 1888ರಲ್ಲಿ ಗ್ಲಾಸ್ಗೋದ ವೈದ್ಯ ಮರ್ಡಾಕ್ ಕ್ಯಾಮರಾನ್ ಇಂಥ ಮಹಿಳೆಯೊಬ್ಬರಿಗೆ ಸಿಸೇರಿಯನ್ ಶಸ್ತ್ರಚಿಕಿತ್ಸೆ ಮಾಡಿದ್ದು ವೈದ್ಯಕೀಯ ಇತಿಹಾಸದ ಮಹತ್ವದ ಘಟನೆ.

ರೋಗಕ್ಕೆ ಕಾರಣವೇನು? ಕೊಳಕು ಮನೆ, ಕಳಪೆ ಆಹಾರ ಎಂದವರೇ ಹೆಚ್ಚು. ವಾರ್ಸಾ ನಗರದ ಮಕ್ಕಳಿಗೆ ಬರುವ ರಿಕೆಟ್ಸ್ ಹಳ್ಳಿಯ ಮಕ್ಕಳಿಗೆ ಬರುವುದು ವಿರಳ ಎಂಬುದನ್ನು ಪೋಲೆಂಡಿನ ವೈದ್ಯ ಸ್ನಿಯಾಡೆಟ್ಸ್ಕಿ 1822ರಲ್ಲೇ ಗಮನಿಸಿದ್ದ. ಜಪಾನಿನಲ್ಲಿ ಸೇವೆ ಸಲ್ಲಿಸಿ ಇಂಗ್ಲೆಂಡಿಗೆ ಮರಳಿದ ವೈದ್ಯ ಥಿಯೋಬಾಲ್ಡ್ ಪಾಮ್, ಹಲವು ದೇಶಗಳ ವರದಿ ಕಲೆಹಾಕಿ, ಬಿಸಿಲಿನ ಅಭಾವವೇ ಇದಕ್ಕೆ ಕಾರಣವೆಂದು 1890ರಲ್ಲಿ ವಾದಿಸಿದ. ಇಬ್ಬರ ಮಾತಿಗೂ ಬೆಲೆ ಸಿಗಲಿಲ್ಲ.

ಕೊನೆಗೆ 1919ರಲ್ಲಿ ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್ಕಿ ಅತಿನೇರಳೆ ಕಿರಣ ಬೀರುವ ದೀಪದಿಂದ ರಿಕೆಟ್ಸ್ ಪೀಡಿತ ಮಕ್ಕಳನ್ನು ಗುಣಪಡಿಸಿದ. ಅದೇ ಸುಮಾರಿಗೆ ಎಡ್ವರ್ಡ್ ಮೆಲನ್‌ಬಿ, ನಾಯಿಮರಿಗಳ ರಿಕೆಟ್ಸ್‌ಗೆ ಕಾಡ್ ಮೀನಿನ ಎಣ್ಣೆ ಮದ್ದೆಂದು ತೋರಿಸಿದ. ದೀಪ, ಎಣ್ಣೆ ಎರಡರ ಗುಟ್ಟೂ ಒಂದೇ: ಡಿ ಜೀವಸತ್ವ. ಬಿಸಿಲಿನ ಅತಿನೇರಳೆ ಕಿರಣ ತಾಗಿದಾಗ ಚರ್ಮವೇ ಅದನ್ನು ತಯಾರಿಸುತ್ತದೆ. ಅದಿಲ್ಲದಿದ್ದರೆ ಉಂಡ ಸುಣ್ಣದ ಅಂಶ ಮೂಳೆಗೆ ಸರಿಯಾಗಿ ದಕ್ಕದು. ಮಕ್ಕಳ ಮೂಳೆ ಬಾಗುತ್ತದೆ, ದೊಡ್ಡವರ ಮೂಳೆ ಮೆತ್ತಗಾಗಿ ನೋಯುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ ಕೊರತೆ ನೀಗಿಲ್ಲ. ಹಲವು ದೇಶಗಳ 71 ಅಧ್ಯಯನಗಳನ್ನು ಪರಿಶೀಲಿಸಿದ ಕೆನಡಾದ ಸಂಶೋಧಕರ 2017ರ ವರದಿ ಪ್ರಕಾರ, ಪಾಳಿಯಲ್ಲಿ ದುಡಿಯುವವರಲ್ಲಿ ಶೇ 80ರಷ್ಟು ಮಂದಿಗೆ ಡಿ ಜೀವಸತ್ವದ ಕೊರತೆಯಿದೆ. ಬಯಲಿನಲ್ಲಿ ದುಡಿಯುವವರಲ್ಲಿ ಈ ಪ್ರಮಾಣ ಶೇ 48. ಈ ಜೀವಸತ್ವಕ್ಕೆ ಬೇಕಾದ ಕಿರಣಗಳು ನಡುಹಗಲಿನ ಆಸುಪಾಸಿನಲ್ಲೇ ಹೆಚ್ಚು. ಆ ಹೊತ್ತಿನಲ್ಲಿ ಹಗಲು ಪಾಳಿಯವನು ಸೂರಿನಡಿ ಯಂತ್ರದ ಮುಂದೆ, ರಾತ್ರಿ ಪಾಳಿಯವನು ನಿದ್ದೆಯಲ್ಲಿ.

ಮಾತ್ರೆ ನುಂಗಿ ಕೊರತೆ ತುಂಬಿಕೊಳ್ಳಬಹುದು, ನಿಜ. ಆದರೆ ಕಾರ್ಮಿಕನ ತಟ್ಟೆಯಲ್ಲಿ ಏನಿದೆ ಎಂದು ಕೇಳುವ ಮೊದಲು ಅವನ ಪಾಳಿ ಯಾವುದೆಂದು ಕೇಳಬೇಕು ಎಂಬುದೇ ಈ ಇತಿಹಾಸ ಕಲಿಸುವ ಪಾಠ.